2018ರ ಫೋನಿಗೆ ಆಂಡ್ರಾಯ್ಡ್ 15: ಒನ್‌ಪ್ಲಸ್ 6 ರಿಪೇರಿ ಲಾಗ್

ಒನ್‌ಪ್ಲಸ್ 6 ನಮ್ಮಲ್ಲಿ ಮಾರಾಟಕ್ಕೆ ಬಂದಿದ್ದು 2018ರ ಮೇ ತಿಂಗಳಲ್ಲಿ. 6 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್ ಇರುವ ಮಾಡೆಲ್‌ಗೆ ಆಗ 34,999 ರೂಪಾಯಿ. ಬಂದಾಗ ಒಳಗಿದ್ದದ್ದು ಆಂಡ್ರಾಯ್ಡ್ 8.1. ಆಮೇಲೆ 9, 10, ಕೊನೆಗೆ 2021ರಲ್ಲಿ 11 ಬಂತು. ಅದೇ ವರ್ಷದ ಕೊನೆಗೆ ಅಪ್‌ಡೇಟ್ ನಿಂತಿತು. ಲೆಕ್ಕ ಹಾಕಿದರೆ ಮೂರೂವರೆ ವರ್ಷ. ಆಗಿನ ಕಾಲಕ್ಕೆ ಇದೇನೂ ಕಮ್ಮಿ ಅಲ್ಲ, ಎರಡೇ ವರ್ಷಕ್ಕೆ ಕೈಬಿಟ್ಟ ಫೋನುಗಳು ಬೇಕಾದಷ್ಟಿದ್ದವು.

ನನ್ನ ಹತ್ತಿರ ಒಂದು ಬಿದ್ದಿತ್ತು. ತಿಪಟೂರಿನ ಹತ್ತಿರ ಊರಲ್ಲಿ ಅಪ್ಪನಿಗೊಂದು ಫೋನ್ ಬೇಕಾಗಿತ್ತು. ಅವರಿಗೆ ಬೇಕಿರೋದು ವಾಟ್ಸಾಪ್, ಯೂಟ್ಯೂಬ್, ಕೊಬ್ಬರಿ ರೇಟು ನೋಡೋದು, ಹಿಂಡಿ ಅಂಗಡಿಯಲ್ಲಿ ಯುಪಿಐ ಮಾಡೋದು. ಇಷ್ಟಕ್ಕೆ ಸ್ನ್ಯಾಪ್‌ಡ್ರ್ಯಾಗನ್ 845 ಧಾರಾಳ ಸಾಕು. ಸ್ಕ್ರೀನ್ ಚೆನ್ನಾಗಿದೆ, ಹೆಡ್‌ಫೋನ್ ಜ್ಯಾಕ್ ಕೂಡ ಇದೆ. ಹಾಗಾಗಿ ಬ್ಯಾಟರಿ ಬದಲಿಸಿ, ಲಿನೇಜ್ ಓಎಸ್ (ಸ್ವಯಂಸೇವಕರು ಹಳೇ ಫೋನುಗಳಿಗೂ ಮಾಡಿಕೊಡುವ ಆಂಡ್ರಾಯ್ಡ್) ಹಾಕಿ ಕೊಡೋಣ ಅಂತ ಕೂತೆ. ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಬರೆದಿದ್ದೀನಿ.

ಹಂತ 1: ಅಳತೆ

ಬ್ಯಾಟರಿ ಹೋಗಿದೆ ಅಂತ ಗೊತ್ತಿತ್ತು, ಎಷ್ಟು ಹೋಗಿದೆ ಅಂತ ಗೊತ್ತಿರಲಿಲ್ಲ. ಚಾರ್ಜರ್‌ಗೂ ಕೇಬಲ್‌ಗೂ ನಡುವೆ ಸಿಕ್ಕಿಸೋ ಯುಎಸ್‌ಬಿ ಮೀಟರ್ ಒಂದು ತಂದೆ, 450 ರೂಪಾಯಿ. ಈ ಫೋನಿನ ಬ್ಯಾಟರಿ 3300 ಎಂಎಎಚ್, ಅಂದರೆ ಸುಮಾರು 12.7 ವ್ಯಾಟ್ ಅವರ್. ಫೋನ್ ಪೂರ್ತಿ ಆಫ್ ಆಗುವವರೆಗೆ ಓಡಿಸಿ, ಆಫ್ ಇದ್ದ ಹಾಗೇ ಮಾಮೂಲಿ 5 ವೋಲ್ಟ್ ಚಾರ್ಜರ್‌ನಲ್ಲಿ ಸೊನ್ನೆಯಿಂದ ನೂರಕ್ಕೆ ಏರಿಸಿದಾಗ ಮೀಟರ್ ತೋರಿಸಿದ್ದು 8.1 ವ್ಯಾಟ್ ಅವರ್. ಚಾರ್ಜ್ ಆಗುವಾಗ ಬಿಸಿಯಾಗಿ ಹೋಗುವ ಪಾಲೂ ಇದರಲ್ಲೇ ಸೇರಿದೆ, ಅಂದರೆ ಒಳಗೆ ಉಳಿದದ್ದು ಇನ್ನೂ ಕಮ್ಮಿ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಂತ ಇಟ್ಟುಕೊಳ್ಳಿ.

ಅದೇ ಫಾಸ್ಟ್ ಚಾರ್ಜರ್ ಹಾಕಿ ಅಳೆಯಲು ಹೋದರೆ ಆಗಲ್ಲ. ಡ್ಯಾಶ್ ಚಾರ್ಜಿಂಗ್ ಅದರದ್ದೇ ಕೇಬಲ್ ಕೇಳುತ್ತದೆ, ಮೀಟರ್ ನಡುವೆ ಬಂದ ಕೂಡಲೇ ನಿಧಾನಕ್ಕೆ ಇಳಿಯುತ್ತದೆ. ಫೋನ್ ಒಳಗಿನ ಲೆಕ್ಕವನ್ನೂ ನಾನು ನಂಬಲಿಲ್ಲ. ಬ್ಯಾಟರಿ ಬದಲಿಸಿದ ಮೇಲೂ ಅದು ಸ್ವಲ್ಪ ಕಾಲ ಹಳೇ ಬ್ಯಾಟರಿಯ ಅಂದಾಜನ್ನೇ ಹೇಳುತ್ತಾ ಇರುತ್ತದೆ.

ಹಂತ 2: ಬ್ಯಾಟರಿ

ಹೊರಗಡೆ ಒಂದೂ ಸ್ಕ್ರೂ ಇಲ್ಲ. ಹಿಂದಿನದು ಗಾಜು, ಸುತ್ತಲೂ ಅಂಟು. ಹೇರ್ ಡ್ರೈಯರ್‌ನಲ್ಲಿ ಅಂಚುಗಳನ್ನು ಕೈಗೆ ಚುರುಕ್ ಅನ್ನುವಷ್ಟು ಬಿಸಿ ಮಾಡಿ, ಸಕ್ಷನ್ ಕಪ್ ಹಾಕಿ ಕೆಳಗಿನ ಅಂಚಿನಿಂದ ಎಳೆದೆ. ಕೂದಲೆಳೆಯಷ್ಟು ಸಂದಿ ಬಿಟ್ಟ ಕೂಡಲೇ ತೆಳು ಪ್ಲಾಸ್ಟಿಕ್ ಪಿಕ್ ತೂರಿಸಿ ಸುತ್ತಲೂ ಓಡಿಸಬೇಕು. ಸಂದಿಗೆ ಒಂದೆರಡು ಹನಿ ಐಸೋಪ್ರೊಪೈಲ್ ಆಲ್ಕೋಹಾಲ್ ಬಿಟ್ಟರೆ ಅಂಟು ಬೇಗ ಸಡಿಲವಾಗುತ್ತದೆ. ಮೇಲಿನ ಎಡ ಮೂಲೆ ಮಾತ್ರ ಜಗ್ಗಲಿಲ್ಲ. ಅಲ್ಲಿ ಗಾಜು ಕಾಳುಮೆಣಸಿನಷ್ಟು ಚೂರು ಎದ್ದಿತು. ಕವರ್ ಹಾಕಿದರೆ ಕಾಣಲ್ಲ, ಬಿಡಿ.

ಇದನ್ನು ತೆಗೆಯೋರಿಗೆ ಒಂದು ಮಾತು. ಗಾಜು ಬಿಟ್ಟುಕೊಂಡಿತು ಅಂತ ಖುಷಿಯಲ್ಲಿ ಪುಸ್ತಕದ ಹಾಳೆ ತರಹ ಪಟ್ ಅಂತ ತೆರೆಯಬೇಡಿ. ಬೆರಳಚ್ಚು ಸೆನ್ಸರ್ ಇರೋದು ಹಿಂದಿನ ಗಾಜಿನಲ್ಲೇ, ಅದರ ಪಟ್ಟಿ ಕೇಬಲ್ ಒಳಗಿನ ಬೋರ್ಡಿಗೆ ಅಂಟಿಕೊಂಡಿರುತ್ತದೆ. ಹರಿದರೆ ಸೆನ್ಸರ್ ಕಥೆ ಮುಗೀತು. ಸ್ವಲ್ಪ ಎತ್ತಿ, ಕನೆಕ್ಟರ್ ಬಿಚ್ಚಿ, ಆಮೇಲೆ ಪೂರ್ತಿ ತೆಗೆಯಬೇಕು.

ಒಳಗೆ ಚಿಕ್ಕ ಪ್ಲಸ್ ಸ್ಕ್ರೂಗಳು. ಬಿಚ್ಚಿದ ಜಾಗದ ಚಿತ್ರ ಒಂದು ಹಾಳೆಯಲ್ಲಿ ಬರೆದು, ಅದರ ಮೇಲೆ ಸೆಲೋಟೇಪ್‌ನಲ್ಲಿ ಅಂಟಿಸುತ್ತಾ ಹೋದೆ. ಏನೇ ಮಾಡುವ ಮುಂಚೆ ಮೊದಲು ಬ್ಯಾಟರಿ ಕನೆಕ್ಟರ್ ಬಿಚ್ಚಿ. ಬ್ಯಾಟರಿ ಎತ್ತೋಕೆ ಎಳೆಯುವ ಪಟ್ಟಿ ಕೊಟ್ಟಿದ್ದಾರೆ, ಅದು ಪುಣ್ಯ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಲಿಥಿಯಂ ಬ್ಯಾಟರಿಗೆ ತೂತು ಬಿದ್ದರೆ ಬೆಂಕಿ.

ಮೊದಲನೇ ಬ್ಯಾಟರಿ ಆನ್‌ಲೈನ್‌ನಲ್ಲಿ ತರಿಸಿದ್ದು, 650 ರೂಪಾಯಿ. ಮೇಲೆ 3300 ಅಂತ ಅಚ್ಚಾಗಿ ಬರೆದಿತ್ತು. ಹಾಕಿ ಮೀಟರ್ ಇಟ್ಟು ಚಾರ್ಜ್ ಮಾಡಿದರೆ 9.4 ವ್ಯಾಟ್ ಅವರ್‌ಗೇ ನೂರು ತೋರಿಸಿಬಿಟ್ಟಿತು! ಹಳೇದಕ್ಕಿಂತ ಒಂದು ಚೂರು ಮೇಲು, ಅಷ್ಟೆ. ಮೀಟರ್ ಇರದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ, ಲಿನೇಜ್ ಬ್ಯಾಟರಿ ತಿನ್ನುತ್ತೆ ಅಂತ ಸಾಫ್ಟ್‌ವೇರ್ ಮೇಲೆ ಗೂಬೆ ಕೂರಿಸುತ್ತಿದ್ದೆ. ವಾಪಸ್ ಕಳಿಸಿದೆ, ದುಡ್ಡು ಬಂತು. ಎರಡನೇದು ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ವಿಚಾರಿಸಿ ತಂದಿದ್ದು, 1,150. ಇದು 13.8 ಕುಡಿಯಿತು. ಸರಿಯಾಗಿದೆ. ಅಂಟಿಸುವ ಮುಂಚೆಯೇ ಈ ಪರೀಕ್ಷೆ ಮಾಡಿ. ಹಿಂಬದಿ ಗಾಜನ್ನು ಸುಮ್ನೆ ಮೇಲಿಟ್ಟು ರಬ್ಬರ್ ಬ್ಯಾಂಡ್ ಹಾಕಿದರೆ ಸಾಕು.

ಕೊನೆಗೆ ಬಿ-7000 ಅಂಟು ತೆಳುವಾಗಿ ಎಳೆದು, ರಬ್ಬರ್ ಬ್ಯಾಂಡ್ ಸುತ್ತಿ ರಾತ್ರಿಯಿಡೀ ಬಿಟ್ಟೆ. ಹೊಸ ಅಂಟು ಕಂಪನಿಯದ್ದರಷ್ಟು ಬಿಗಿ ಅಂತ ನಂಬಿಕೊಳ್ಳಬೇಡಿ. ಈ ಫೋನ್ ಇನ್ನು ಮಳೆಯಲ್ಲಿ ಜೇಬಿನಲ್ಲಿಟ್ಟುಕೊಂಡು ತೋಟ ತಿರುಗುವಂಥದ್ದಲ್ಲ.

ಹಂತ 3: ಹೊಸದು ಹಾಕುವ ಮುಂಚೆ ಹಳೇದನ್ನು ಕೊನೆಯವರೆಗೆ ತಂದಿದ್ದು

ಲಿನೇಜ್ ಹಾಕೋಕೆ ಮುಂಚೆ ಫೋನ್ ಕಂಪನಿಯದ್ದೇ ಕೊನೆಯ ಆಂಡ್ರಾಯ್ಡ್ 11ಕ್ಕೆ ಬಂದಿರಬೇಕು. ಮೋಡೆಮ್, ಫಿಂಗರ್‌ಪ್ರಿಂಟ್, ಆಡಿಯೋ ಇವುಗಳ ಕೆಳಗಿರೋ ಫರ್ಮ್‌ವೇರ್, ಅಂದರೆ ಆಯಾ ಭಾಗವನ್ನು ನಡೆಸುವ ಒಳ ಸಾಫ್ಟ್‌ವೇರ್, ಅಲ್ಲಿಂದಲೇ ಬರೋದು. ನನ್ನದು ಆಂಡ್ರಾಯ್ಡ್ 10ರಲ್ಲೇ ನಿಂತಿತ್ತು. ವೈಫೈ ಹಾಕಿ ಅಪ್‌ಡೇಟ್ ಮಾಡುತ್ತಾ ಕೊನೆಗೆ ಮುಟ್ಟಿಸಿದೆ.

ಅಲ್ಲೇ ಒಂದು ಪರೀಕ್ಷೆಯೂ ಮಾಡಿದೆ. ಅಪ್ಪನ ಸಿಮ್ ಹಾಕಿ, ಅವರ ಬ್ಯಾಂಕಿನ ಆ್ಯಪ್ ಇನ್‌ಸ್ಟಾಲ್ ಮಾಡಿ ನೋಡಿದೆ. ತಕರಾರಿಲ್ಲದೆ ತೆರೆಯಿತು. ಈ ಸಾಲು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಿಜ ಹೇಳಬೇಕು ಅಂದರೆ ಆಂಡ್ರಾಯ್ಡ್ 11ರಲ್ಲಿ ಇವತ್ತಿಗೂ ಹೆಚ್ಚುಕಮ್ಮಿ ಎಲ್ಲಾ ಆ್ಯಪ್ ಓಡುತ್ತವೆ. ಕ್ರೋಮ್ 8 ಮತ್ತು 9ನ್ನು ಕೈಬಿಟ್ಟಿದ್ದೇ 2025ರಲ್ಲಿ, 138ನೇ ಆವೃತ್ತಿಯ ನಂತರ. ಹಾಗಾಗಿ "ಅಪ್‌ಡೇಟ್ ನಿಂತಿತು, ಫೋನ್ ಸತ್ತಿತು" ಅನ್ನೋದು ಸುಳ್ಳು. ಫೋನ್ ಒಂದೇ ದಿನ ಸಾಯಲ್ಲ, ಒಂದೊಂದೇ ಬಾಗಿಲು ಮುಚ್ಚುತ್ತಾ ಬರುತ್ತದೆ. 7.1.1ಕ್ಕಿಂತ ಹಳೇ ಆಂಡ್ರಾಯ್ಡ್‌ಗಳದ್ದು ಹೀಗೇ ಆಯ್ತು. ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆ ಕೋಟ್ಯಂತರ ವೆಬ್‌ಸೈಟುಗಳಿಗೆ ಪುಕ್ಕಟೆ ಸರ್ಟಿಫಿಕೇಟ್ ಕೊಡುತ್ತದೆ, ಸೈಟ್ ಅಸಲಿ ಅಂತ ಬ್ರೌಸರ್‌ಗೆ ತೋರಿಸುವ ಗುರುತು ಪತ್ರ. ಆ ಸಂಸ್ಥೆಯ ಹೊಸ ರೂಟ್ ಸರ್ಟಿಫಿಕೇಟ್ (ಉಳಿದವನ್ನು ತಾಳೆ ನೋಡಲು ಬೇಕಾದ ಮೂಲ ಪತ್ರ) ಈ ಹಳೇ ಫೋನುಗಳಲ್ಲಿ ಇರಲೇ ಇಲ್ಲ. ಅಡ್ಡದಾರಿ ಮಾಡಿ 2024ರ ಸೆಪ್ಟೆಂಬರ್‌ವರೆಗೆ ಎಳೆದರು. ಅದು ಮುಗಿದ ಮೇಲೆ ಆ ಫೋನುಗಳ ಬ್ರೌಸರ್‌ನಲ್ಲಿ ಅಂಥ ಸೈಟ್ ತೆರೆದರೆ ಬರೀ ಎಚ್ಚರಿಕೆ. ಫೋನಿನ ಹಾರ್ಡ್‌ವೇರ್‌ಗೆ ಏನೂ ಆಗಿರಲಿಲ್ಲ.

ಹಂತ 4: ಅನ್‌ಲಾಕ್

ಬೇರೆ ಆಂಡ್ರಾಯ್ಡ್ ಹಾಕಬೇಕು ಅಂದರೆ ಮೊದಲು ಬೂಟ್‌ಲೋಡರ್‌ನ (ಫೋನ್ ಆನ್ ಆದಾಗ ಸಿಸ್ಟಂ ಎಬ್ಬಿಸುವ ತುಣುಕು) ಬೀಗ ತೆಗೆಯಬೇಕು. ಡೆವಲಪರ್ ಆಯ್ಕೆಗಳಲ್ಲಿ ಒಇಎಂ ಅನ್‌ಲಾಕಿಂಗ್ ಆನ್ ಮಾಡಿ, ಫೋನ್ ಆಫ್ ಮಾಡಿ, ವಾಲ್ಯೂಮ್ ಅಪ್ ಮತ್ತು ಪವರ್ ಒಟ್ಟಿಗೆ ಒತ್ತಿದರೆ ಫಾಸ್ಟ್‌ಬೂಟ್, ಅಂದರೆ ಕಂಪ್ಯೂಟರ್‌ನಿಂದ ಕಮಾಂಡ್ ತೆಗೆದುಕೊಳ್ಳುವ ಮೋಡ್, ಬರುತ್ತದೆ. ಲ್ಯಾಪ್‌ಟಾಪ್‌ನಲ್ಲಿ 'ಫಾಸ್ಟ್‌ಬೂಟ್ ಒಇಎಂ ಅನ್‌ಲಾಕ್' ಕಮಾಂಡ್. ಫೋನಿನಲ್ಲಿದ್ದದ್ದೆಲ್ಲಾ ಅಳಿಸಿಹೋಗುತ್ತದೆ, ಫೋಟೋ, ಚಾಟ್ ಎಲ್ಲಾ ಮೊದಲೇ ತೆಗೆದಿಟ್ಟುಕೊಳ್ಳಿ.

ಬರೆದಷ್ಟು ಸಲೀಸಾಗಿ ಆಗಲಿಲ್ಲ. ಮೊದಲು ವಿಂಡೋಸ್‌ಗೆ ಫೋನೇ ಕಾಣಲಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ. ವಿಂಡೋಸ್ ಅಪ್‌ಡೇಟ್‌ನ ಐಚ್ಛಿಕ ಡ್ರೈವರ್‌ಗಳ ಪಟ್ಟಿಯಲ್ಲಿ ಅದರ ಡ್ರೈವರ್ ಇತ್ತು, ಹಾಕಿದೆ, ಕಾಣಿಸಿತು. ಕಮಾಂಡ್ ಕೊಟ್ಟರೆ ಫೋನಿನ ಸ್ಕ್ರೀನ್ ಕಪ್ಪಾಗಿ, ಎಡಗಡೆ ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ 'ಪ್ರೆಸ್ ಎನಿ ಕೀ ಟು ಶಟ್‌ಡೌನ್' ಅಂತ ಬಂತು. ಕೇಬಲ್ ಬದಲಿಸಿದೆ, ಅದೇ. ಇನ್ನೊಂದು ಪೋರ್ಟ್, ಅದೇ. ಫೋನೇ ಕೆಟ್ಟಿತು ಅಂದುಕೊಂಡೆ. ಕಾರಣ ಲ್ಯಾಪ್‌ಟಾಪ್. ಎಎಂಡಿ ರೈಜನ್ ಇರುವ ಮಷೀನುಗಳ ಯುಎಸ್‌ಬಿ 3 ಪೋರ್ಟ್‌ಗೂ ಈ ಫೋನಿನ ಫಾಸ್ಟ್‌ಬೂಟ್‌ಗೂ ಆಗಿಬರಲ್ಲ. ಮದ್ದು ತೀರಾ ಸರಳ: ನಡುವೆ ಒಂದು ಹಳೇ ಕಾಲದ ಯುಎಸ್‌ಬಿ 2.0 ಹಬ್ ಸಿಕ್ಕಿಸೋದು. 280 ರೂಪಾಯಿಯ ಹಬ್ ಹಾಕಿದ ಕೂಡಲೇ ತಕ್ಷಣ ಅನ್‌ಲಾಕ್ ಆಯ್ತು. ನಿಮಗೂ ಆ ಚಿಕ್ಕ ಅಕ್ಷರ ಕಂಡರೆ ಬೇರೇನೂ ಹುಡುಕಬೇಡಿ, ಹಬ್ ತನ್ನಿ.

ಹಂತ 5: ಲಿನೇಜ್ ಓಎಸ್

ಬೇಕಾದ ಫೈಲುಗಳು: ಈ ಫೋನಿನ ಲಿನೇಜ್ 22.2, ಅದರ ರಿಕವರಿ ಇಮೇಜ್ (ಸಿಸ್ಟಂ ಹಾಕಲು, ಅಳಿಸಲು ಇರುವ ಪುಟ್ಟ ಮೆನು), 'ಕಾಪಿ ಪಾರ್ಟಿಷನ್ಸ್' ಅನ್ನೋ ಪುಟ್ಟ ಜಿಪ್, ಗೂಗಲ್ ಆ್ಯಪ್‌ಗಳಿಗೆ ಮೈಂಡ್‌ದಗ್ಯಾಪ್ಸ್ (ಮುಂದೆ ಬರೀ ಗ್ಯಾಪ್ಸ್ ಅಂತೀನಿ). 22.2 ಅಂದರೆ ಆಂಡ್ರಾಯ್ಡ್ 15. ಡೌನ್‌ಲೋಡ್ ಮಾಡುವಾಗ ಕೋಡ್‌ನೇಮ್ 'ಎಂಚಿಲಾಡ' ಅಂತಲೇ ಇದೆಯಾ ನೋಡಿಕೊಳ್ಳಿ. 6ಟಿ ಬೇರೆ, ಅದು 'ಫಹೀಟಾ'.

ಈ ಫೋನಿನಲ್ಲಿ ಸಿಸ್ಟಂಗೆ ಎ ಮತ್ತು ಬಿ ಅಂತ ಎರಡು ಸ್ಲಾಟ್. ಒಂದು ಓಡುತ್ತಿರುವಾಗ ಹೊಸ ಅಪ್‌ಡೇಟ್ ಇನ್ನೊಂದರಲ್ಲಿ ಕೂರುತ್ತದೆ. ಆ ಇನ್ನೊಂದರಲ್ಲಿ ಹಳೇ ಫರ್ಮ್‌ವೇರ್ ಉಳಿದಿದ್ದರೆ ಫೋನ್ ಬೂಟ್ ಆಗದೆ ಒದ್ದಾಡುತ್ತದೆ. ಅದಕ್ಕೇ ಕಾಪಿ ಪಾರ್ಟಿಷನ್ಸ್ ಮೊದಲು. ಆಮೇಲೆ ಫಾರ್ಮ್ಯಾಟ್ ಡೇಟಾ, ಆಮೇಲೆ ಎಡಿಬಿ ಸೈಡ್‌ಲೋಡ್‌ನಲ್ಲಿ, ಅಂದರೆ ಲ್ಯಾಪ್‌ಟಾಪ್‌ನಿಂದ ಕೇಬಲ್ ಮೂಲಕ ಕಳಿಸಿ, ಲಿನೇಜ್.

ಸೈಡ್‌ಲೋಡ್ 47 ಪರ್ಸೆಂಟ್‌ಗೆ ಬಂದು ನಿಲ್ಲುತ್ತದೆ. ಕೇಬಲ್ ಎಳೆಯಬೇಡಿ! ಲ್ಯಾಪ್‌ಟಾಪ್‌ನಲ್ಲಿ ನಿಂತ ಹಾಗೆ ಕಂಡರೂ ಫೋನ್ ಕೆಲಸ ಮಾಡುತ್ತಲೇ ಇರುತ್ತದೆ. ಆಗಿದೆಯೋ ಇಲ್ಲವೋ ಅಂತ ಫೋನಿನ ಸ್ಕ್ರೀನ್ ನೋಡಿ ತಿಳಿಯಬೇಕು, ಲ್ಯಾಪ್‌ಟಾಪ್ ನೋಡಿ ಅಲ್ಲ.

ಮೊದಲ ಸಲ ಕೆಟ್ಟಿದ್ದು ಇದಾದ ಮೇಲೆ. ಲಿನೇಜ್ ಕೂತ ಕೂಡಲೇ ರಿಕವರಿ ಒಂದು ಪ್ರಶ್ನೆ ಕೇಳುತ್ತದೆ: ಬೇರೆ ಪ್ಯಾಕೇಜ್ ಹಾಕುವುದಿದ್ದರೆ ರಿಕವರಿಗೆ ರೀಬೂಟ್ ಆಗಬೇಕು, ಆಗಲಾ? ಅಂತ. ಇಲ್ಲ ಅಂದು ನೇರವಾಗಿ ಗ್ಯಾಪ್ಸ್ ಹಾಕಿದೆ. ತಕರಾರಿಲ್ಲದೆ ಮುಗಿದ ಹಾಗೆ ಕಂಡಿತು, ಫೋನ್ ಚೆನ್ನಾಗೇ ಬೂಟ್ ಆಯಿತು, ಪ್ಲೇ ಸ್ಟೋರ್ ಮಾತ್ರ ಇಲ್ಲ. ಗ್ಯಾಪ್ಸ್ ಹೋಗಿ ಹಳೇ ಸ್ಲಾಟ್‌ನಲ್ಲಿ ಕೂತಿತ್ತು. ಒಮ್ಮೆ ಬೂಟ್ ಆದ ಮೇಲೆ ಮೇಲಿಂದ ಮೇಲೆ ಗ್ಯಾಪ್ಸ್ ಹಾಕಿದರೆ ಆ್ಯಪ್‌ಗಳು ಕ್ರ್ಯಾಶ್ ಆಗುತ್ತಾ ಇರುತ್ತವೆ, ಹಾಗಾಗಿ ಫಾರ್ಮ್ಯಾಟ್‌ನಿಂದ ಶುರು ಮಾಡಿ ಎಲ್ಲಾ ಇನ್ನೊಮ್ಮೆ. ಈ ಸಲ ಹೌದು ಅಂದು ರಿಕವರಿಗೆ ಮರಳಿ ಬಂದು ಗ್ಯಾಪ್ಸ್ ಹಾಕಿದೆ. ಸಹಿ ತಾಳೆಯಾಗುತ್ತಿಲ್ಲ ಅಂತ ರಿಕವರಿ ಕೇಳುತ್ತದೆ, ಗ್ಯಾಪ್ಸ್ ಲಿನೇಜ್‌ನವರದ್ದಲ್ಲವಲ್ಲ, ಅದಕ್ಕೆ ಹೌದು ಅನ್ನಬಹುದು.

ಬೂಟ್‌ಲೋಡರ್ ತಿರುಗಿ ಲಾಕ್ ಮಾಡಲು ಹೋಗಬೇಡಿ. ಫೋನ್ ಮೇಲೇಳಲ್ಲ.

ಹಂತ 6: ಏನೇನು ನಡೆಯುತ್ತಿದೆ

ಕಾಲ್ ಮೊದಲು ನೋಡಿದೆ. ಜಿಯೋಗೆ 2ಜಿ, 3ಜಿ ಇಲ್ಲ, ವೋಲ್ಟಿ (4ಜಿ ಮೇಲೆ ಕಾಲ್) ಬರದಿದ್ದರೆ ಫೋನ್ ಬರೀ ಆಟಿಕೆ. ಬಂತು. ಬೆರಳಚ್ಚು, ಬ್ಲೂಟೂತ್, ಜಿಪಿಎಸ್, ಪಕ್ಕದ ಸೈಲೆಂಟ್ ಬಟನ್ ಎಲ್ಲಾ ಸರಿ. ಕ್ಯಾಮೆರಾ ಒಂದು ಮೆಟ್ಟಿಲು ಇಳಿಯಿತು. ಹಗಲು ಹೊತ್ತಿನ ಫೋಟೋ ಪರವಾಗಿಲ್ಲ, ಸಂಜೆ ಮೇಲೆ ಮಸಿ. ಕನ್ನಡ ಇಂಟರ್‌ಫೇಸ್ ಚೆನ್ನಾಗಿದೆ.

ಪ್ರತಿ ಸಲ ಆನ್ ಮಾಡಿದಾಗ ಬೂಟ್‌ಲೋಡರ್ ಅನ್‌ಲಾಕ್ ಆಗಿದೆ, ಈ ಸಾಫ್ಟ್‌ವೇರ್‌ಗೆ ಗ್ಯಾರಂಟಿ ಇಲ್ಲ ಅನ್ನೋ ಎಚ್ಚರಿಕೆ ಕೆಲವು ಸೆಕೆಂಡ್ ನಿಲ್ಲುತ್ತದೆ. ಅದನ್ನು ತೆಗೆಯೋಕಾಗಲ್ಲ. ಅಪ್ಪ ನೋಡಿ, "ಇದೇನೋ, ಆನ್ ಮಾಡಿದ್ರೆ ಇಂಗ್ಲಿಷ್‌ನಲ್ಲಿ ಬಯ್ಯುತ್ತಲ್ಲೋ" ಅಂದರು.

ಸೆಟ್ಟಿಂಗ್ಸ್‌ನಲ್ಲಿ ಆಂಡ್ರಾಯ್ಡ್ ಆವೃತ್ತಿ ಮುಟ್ಟಿದರೆ ಎರಡು ತಾರೀಕು ಕಾಣುತ್ತವೆ. ಆಂಡ್ರಾಯ್ಡ್‌ನ ಭದ್ರತಾ ಅಪ್‌ಡೇಟ್ ತಾರೀಕು ಹೊಸದು. ಅದರ ಕೆಳಗೆ ವೆಂಡರ್ ಪ್ಯಾಚ್ ತಾರೀಕು, ಅದು 2021ರಲ್ಲೇ ಇದೆ. ಚಿಪ್ ತಯಾರಿಸಿದವರು, ಫೋನ್ ತಯಾರಿಸಿದವರು ಕೊಡಬೇಕಾದ ಮೋಡೆಮ್ ಇತ್ಯಾದಿಗಳ ಫರ್ಮ್‌ವೇರ್ ಅದು. ಲಿನೇಜ್‌ನ ಸ್ವಯಂಸೇವಕರು ಅದನ್ನು ಬರೆಯೋಕಾಗಲ್ಲ, ಮೂಲ ಅವರ ಹತ್ತಿರ ಇಲ್ಲ. ಲಿನೇಜ್ ಹಾಕಿದರೆ ಫೋನ್ ಹೊಸದರಷ್ಟೇ ಸೇಫ್ ಅನ್ನೋರಿಗೆ ಈ ಎರಡನೇ ತಾರೀಕು ತೋರಿಸಿ.

ಹಂತ 7: ಬ್ಯಾಂಕ್ ಆ್ಯಪ್

ಇಲ್ಲಿಗೆ ಬಂದು ಗಾಡಿ ನಿಂತಿತು. ಹಂತ 3ರಲ್ಲಿ ತೆರೆದಿದ್ದ ಅದೇ ಆ್ಯಪ್, ಅದೇ ಫೋನ್, ಅದೇ ಸಿಮ್. ಈಗ ತೆರೆದರೆ 'ನಿಮ್ಮ ಫೋನ್ ರೂಟ್ ಆಗಿದೆ' ಅಂತ ಒಂದು ಸಾಲು ತೋರಿಸಿ ಮುಚ್ಚಿಕೊಳ್ಳುತ್ತದೆ. ರೂಟ್ ಅಂದರೆ ಸಿಸ್ಟಂ ಮೇಲೆ ಪೂರ್ತಿ ಅಧಿಕಾರ ತೆಗೆದುಕೊಳ್ಳೋದು. ರೂಟ್ ಆಗಿಲ್ಲ, ನಾನು ಮಾಡಿಯೇ ಇಲ್ಲ. ಬೂಟ್‌ಲೋಡರ್ ಅನ್‌ಲಾಕ್ ಆಗಿದೆ, ಅಷ್ಟೇ.

ಆ್ಯಪ್‌ಗಳು ಗೂಗಲ್‌ನ ಪ್ಲೇ ಇಂಟೆಗ್ರಿಟಿಯನ್ನು ಕೇಳುತ್ತವೆ: ಇದು ಕಂಪನಿ ಕೊಟ್ಟ ಸಾಫ್ಟ್‌ವೇರ್ ತಾನೇ, ಲಾಕ್ ಆಗಿದೆ ತಾನೇ ಅಂತ. ಅನ್‌ಲಾಕ್ ಆದ ಲಿನೇಜ್ ಆ ಪರೀಕ್ಷೆಯಲ್ಲಿ ಫೇಲ್. ಈಗ ಲೆಕ್ಕ ನೋಡಿ. 2021ರ ನಂತರ ಒಂದೇ ಒಂದು ಪ್ಯಾಚ್ ಕಾಣದ ಆಂಡ್ರಾಯ್ಡ್ 11 ಬ್ಯಾಂಕಿಗೆ ಸೇಫ್. ಹೊಸ ಪ್ಯಾಚ್ ಇರುವ ಆಂಡ್ರಾಯ್ಡ್ 15 ಸೇಫ್ ಅಲ್ಲ! ಬ್ಯಾಂಕಿನ ಭಯ ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ. ಅನ್‌ಲಾಕ್ ಆದ ಫೋನ್ ಕಳ್ಳನ ಕೈಗೆ ಸಿಕ್ಕರೆ ಅದಕ್ಕೆ ಬೇರೆ ಸಾಫ್ಟ್‌ವೇರ್ ತುಂಬೋದು ಸುಲಭ. ಆದರೆ ಹಳೇ ಪ್ಯಾಚ್‌ನ ಫೋನನ್ನು ಒಂದು ಮಾತೂ ಕೇಳದೆ ಒಳಗೆ ಬಿಡ್ತಾರಲ್ಲ, ಅದು ಯಾವ ನ್ಯಾಯ ಸ್ವಾಮಿ? ಹಳೇ ಫೋನಿನ ಆಯಸ್ಸು ಚಿಪ್ ಕೈಯಲ್ಲೂ ಇಲ್ಲ, ಬ್ಯಾಟರಿ ಕೈಯಲ್ಲೂ ಇಲ್ಲ, ಇಂಥ ಒಂದು ಹೌದು-ಅಲ್ಲ ಉತ್ತರದ ಕೈಯಲ್ಲಿದೆ.

ಮುಂದಿದ್ದ ದಾರಿಗಳು:

ಮ್ಯಾಜಿಸ್ಕ್ ಹಾಕಿ ರೂಟ್ ಮಾಡಿ, ಅದನ್ನು ಮುಚ್ಚಿಡೋ ಮಾಡ್ಯೂಲ್ ಹಾಕಿ ಪರೀಕ್ಷೆಗೆ ಕಣ್ಕಟ್ಟು ಮಾಡೋದು. ಮಾಡೋರು ಬೇಕಾದಷ್ಟು ಜನ ಇದ್ದಾರೆ. ಗೂಗಲ್ ಬಾಗಿಲು ಮುಚ್ಚಿದಾಗಲೆಲ್ಲಾ ಹೊಸ ಕಿಟಕಿ ಹುಡುಕಬೇಕು. ನನ್ನ ಫೋನಾದರೆ ನೋಡಬಹುದಿತ್ತು. ಅಪ್ಪನ ಬ್ಯಾಂಕ್ ಖಾತೆ ಇರೋ ಫೋನಿಗೆ, ನಾನು ನೂರೈವತ್ತು ಕಿಲೋಮೀಟರ್ ದೂರದಲ್ಲಿ ಕೂತು? ಬೇಡ.

ಎಂಎಸ್‌ಎಂ ಟೂಲ್ ಅನ್ನೋ ಕಂಪ್ಯೂಟರ್ ಸಾಫ್ಟ್‌ವೇರ್‌ನಲ್ಲಿ ಕಂಪನಿ ಸಾಫ್ಟ್‌ವೇರ್‌ಗೆ ವಾಪಸ್ ಹೋಗಿ ಲಾಕ್ ಮಾಡೋದು. ಬ್ಯಾಂಕ್ ಆ್ಯಪ್ ತೆರೆಯುತ್ತದೆ, ಪ್ಯಾಚ್ 2021ಕ್ಕೆ ಇಳಿಯುತ್ತದೆ. ಇದು ಗಂಭೀರವಾಗಿ ಯೋಚಿಸಿದ ದಾರಿ. ಬರೀ ಯುಪಿಐ ಮುಖ್ಯ ಅನ್ನೋರು ಇದನ್ನೇ ಮಾಡಿದರೂ ನಾನು ತಪ್ಪು ಅನ್ನಲ್ಲ.

ನಾನು ಮಾಡಿದ್ದು ಮೂರನೇದು. ಬ್ಯಾಂಕಿನ ಆ್ಯಪ್ ಅಮ್ಮನ ಹೊಸ ಫೋನಿನಲ್ಲಿ ಹೇಗೂ ಇದೆ, ಜಂಟಿ ಖಾತೆ, ದೊಡ್ಡ ಮೊತ್ತಕ್ಕೆ ಅದು ಸಾಕು. ಅಪ್ಪನ ಫೋನಿನಲ್ಲಿ ಬೇರೆ ಬೇರೆ ಯುಪಿಐ ಆ್ಯಪ್ ಹಾಕಿ ನೋಡಿದಾಗ ಒಂದು ಮಾತ್ರ ತಕರಾರು ಮಾಡಲಿಲ್ಲ. ಎಸ್‌ಎಂಎಸ್ ಕಳಿಸಿತು, ಖಾತೆ ಹಿಡಿಯಿತು, ಹಿಂಡಿ ಅಂಗಡಿಯಲ್ಲಿ ಸ್ಕ್ಯಾನ್ ಆಯ್ತು. ಅದಕ್ಕೆ ಕಟ್ಟಿದ್ದು ಐದಾರು ಸಾವಿರಕ್ಕಿಂತ ಜಾಸ್ತಿ ಇಡದ ಇನ್ನೊಂದು ಉಳಿತಾಯ ಖಾತೆ. ಇದೂ ನಾಳೆ ನಿಲ್ಲಬಹುದು. ನಿಂತರೆ ಇರಲಿ ಅಂತ ಯುಪಿಐ 123ಪೇ ಕೂಡ ಮಾಡಿಟ್ಟೆ. 2022ರಲ್ಲಿ ರಿಸರ್ವ್ ಬ್ಯಾಂಕ್ ಕೀಪ್ಯಾಡ್ ಫೋನಿನವರಿಗೆ ಅಂತ ಶುರು ಮಾಡಿದ್ದು, ಕಾಲ್ ಮಾಡಿ ದುಡ್ಡು ಕಳಿಸಬಹುದು, ಒಂದು ಸಲಕ್ಕೆ 10,000ದವರೆಗೆ. ಬಟನ್ ಒತ್ತುವ ಫೋನಿಗೆ ಇರುವ ಮರ್ಯಾದೆ ಆಂಡ್ರಾಯ್ಡ್ 15ಕ್ಕೆ ಇಲ್ಲ ನೋಡಿ.

ಖರ್ಚು

ಬ್ಯಾಟರಿ 1,150. ಮೀಟರ್ 450. ಪಿಕ್, ಸಕ್ಷನ್ ಕಪ್, ಸ್ಕ್ರೂಡ್ರೈವರ್ ಇರೋ ಕಿಟ್ 350. ಹಬ್ 280. ಆಲ್ಕೋಹಾಲ್ 160. ಅಂಟು 90. ಒಟ್ಟು 2,480. ಬ್ಯಾಟರಿ, ಅಂಟು ಬಿಟ್ಟರೆ ಉಳಿದದ್ದೆಲ್ಲಾ ಮುಂದಿನ ಫೋನಿಗೂ ಬರುತ್ತದೆ.

ಹೊಸ ಫೋನೇ ತಗೊಳ್ಳೋರಿಗೆ ಇದೆಲ್ಲಾ ಕಷ್ಟ ಇನ್ನು ಕಮ್ಮಿಯಾಗಬಹುದು. 2023ರ ಅಕ್ಟೋಬರ್‌ನಲ್ಲಿ ಬಂದ ಪಿಕ್ಸೆಲ್ 8ಕ್ಕೆ, 2024ರ ಜನವರಿಯಲ್ಲಿ ಬಂದ ಗ್ಯಾಲಕ್ಸಿ ಎಸ್24ಕ್ಕೆ 7 ವರ್ಷದ ಅಪ್‌ಡೇಟ್ ಅಂತ ಮಾತು ಕೊಟ್ಟಿದ್ದಾರೆ. ಯುರೋಪ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಕಾನೂನೇ ಇದೆ: ಮಾಡೆಲ್ ಮಾರುಕಟ್ಟೆಗೆ ಬಿಡೋದು ನಿಲ್ಲಿಸಿದ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್, ಬ್ಯಾಟರಿ 800 ಸಲ ಚಾರ್ಜ್ ಆದ ಮೇಲೂ 80 ಪರ್ಸೆಂಟ್ ಉಳಿದಿರಬೇಕು. ಹತ್ತು-ಹನ್ನೆರಡು ಸಾವಿರದ ಫೋನ್ ತಗೊಳ್ಳುವಾಗ ರ‍್ಯಾಮ್ ಎಷ್ಟು, ಕ್ಯಾಮೆರಾ ಎಷ್ಟು ಅಂತ ಕೇಳೋ ಬದಲು ಪ್ಯಾಚ್ ಯಾವ ವರ್ಷದವರೆಗೆ ಅಂತ ಅಂಗಡಿಯಲ್ಲಿ ಕೇಳಿ ನೋಡಿ. ಉತ್ತರ ಗೊತ್ತಿರೋ ಸೇಲ್ಸ್‌ಮನ್ ನನಗಂತೂ ಸಿಕ್ಕಿಲ್ಲ.

ಬಾಕಿ

ಚಾರ್ಜಿಂಗ್ ಪೋರ್ಟ್ ಸ್ವಲ್ಪ ಸಡಿಲ. ಮರದ ಟೂತ್‌ಪಿಕ್‌ನಲ್ಲಿ ನಾರು, ಧೂಳು ಕೆದಕಿದ ಮೇಲೆ ಪರವಾಗಿಲ್ಲ, ಆದರೂ ಒಂದು ದಿನ ಬದಲಿಸಬೇಕಾಗುತ್ತದೆ.

ಲಿನೇಜ್ ವಾರಕ್ಕೊಂದು ಅಪ್‌ಡೇಟ್ ಬಿಡುತ್ತದೆ, ಒಂದೊಂದೂ ಸುಮಾರು ಒಂದು ಜಿಬಿ. ಅಪ್ಪನ ಮನೆಯಲ್ಲಿ ವೈಫೈ ಇಲ್ಲ, ದಿನಕ್ಕೆ ಒಂದೂವರೆ ಜಿಬಿ ಪ್ಲಾನ್. ಹಾಗಾಗಿ ತಾನೇ ಡೌನ್‌ಲೋಡ್ ಆಗದ ಹಾಗೆ ಮಾಡಿ, ತಿಂಗಳಿಗೊಂದು ಸಲ ರಾತ್ರಿ ಮಲಗೋ ಮುಂಚೆ ಒತ್ತಿ ಅಂತ ಹೇಳಿಕೊಟ್ಟಿದ್ದೀನಿ. ಎರಡನೇ ಸ್ಲಾಟ್‌ನಲ್ಲಿ ಕೂರೋದರಿಂದ ಅಪ್‌ಡೇಟ್ ಅರ್ಧಕ್ಕೆ ನಿಂತರೂ ಫೋನ್ ಕೆಡಲ್ಲ, ಗ್ಯಾಪ್ಸ್ ಕೂಡ ತಾನೇ ಉಳಿದುಕೊಳ್ಳುತ್ತದೆ. 22ರಿಂದ 23ಕ್ಕೆ, ಅಂದರೆ ಆಂಡ್ರಾಯ್ಡ್ 16ಕ್ಕೆ ಹೋಗೋದು ಮಾತ್ರ ಹೀಗೆ ಆಗಲ್ಲ. ಅದಕ್ಕೆ ಲ್ಯಾಪ್‌ಟಾಪ್, ಸೈಡ್‌ಲೋಡ್, ಹೊಸ ಗ್ಯಾಪ್ಸ್ ಬೇಕು. ಆಗ ಆ ಒಂದು ಯುಪಿಐ ಆ್ಯಪ್ ಉಳಿಯುತ್ತದೋ ಇಲ್ಲವೋ ನೋಡಿ ಇಲ್ಲೇ ಸೇರಿಸುತ್ತೇನೆ.